ಎದುರು ನಿಂತು ಕಲಿಸಿದ ಎಡಗೈ ನಿಯಮ

ನಲವತ್ತೊಂದು ಹುಡುಗಿಯರು ಒಟ್ಟಿಗೆ ತಪ್ಪು ಕೈ ಎತ್ತಿದ್ದನ್ನು ನಾನು ನೋಡಿದ್ದೇನೆ. ಒಬ್ಬಳೂ ತಡವರಿಸಲಿಲ್ಲ. ಹೆಬ್ಬೆರಳು ಮೇಲಕ್ಕೆ, ತೋರುಬೆರಳು ಮುಂದಕ್ಕೆ, ನಡುಬೆರಳು ಅಡ್ಡಕ್ಕೆ. ಮೂರೂ ಒಂದಕ್ಕೊಂದು ಲಂಬವಾಗಿ, ನಾನು ಕಲಿಸಿದ ಹಾಗೆಯೇ. ಆದರೆ ಅದು ಎಡಗೈ ನಿಯಮ, ಅವರು ಎತ್ತಿದ್ದು ಬಲಗೈ.

"ಹೇಗೆ ಕಲಿತಿದ್ದಾರೆ ನೋಡಿ ಸಾರ್!" ಎಂದರು ಪಕ್ಕದಲ್ಲಿ ನಿಂತಿದ್ದ ಹೆಡ್‌ಮಿಸ್ಟ್ರೆಸ್. "ದಿನಾ ಬೆಳಿಗ್ಗೆ ಪ್ರಾರ್ಥನೆ ಆದ ಕೂಡಲೇ ನಿಮ್ಮ ಕ್ಯಾಸೆಟ್. ಒಂದು ದಿನವೂ ತಪ್ಪಿಸಲಿಲ್ಲ."

ಒಂದೆರಡು ದಿನ ತಪ್ಪಿಸಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನನಗೆ ಅನ್ನಿಸಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೂರು ವಾರ ಉಳಿದಿತ್ತು.

ಇದು ಎಂಬತ್ತರ ದಶಕದ ನಡುವಿನ ಮಾತು. ಕಾರ್ಕಳದಿಂದ ಒಳಗೆ ಅರ್ಧ ಗಂಟೆಯ ಬಸ್ಸಿನ ದಾರಿಯಲ್ಲಿದ್ದ ಆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೆಚ್ಚುಕಡಿಮೆ ಇಡೀ ವರ್ಷ ವಿಜ್ಞಾನದ ಮೇಷ್ಟ್ರಿರಲಿಲ್ಲ. ಇದ್ದವರು ಜುಲೈಯಲ್ಲಿ ವರ್ಗವಾಗಿ ಹೋದರು, ಬರಬೇಕಾದವರು ಬರಲಿಲ್ಲ. ನಾನು ಉಡುಪಿ ಮತ್ತು ಮಣಿಪಾಲದ ನಡುವೆ ಆಗ ಇದ್ದ ಒಂದು ಸಣ್ಣ ಬಿ.ಎಡ್. ಕಾಲೇಜಿನಲ್ಲಿ ವಿಜ್ಞಾನ ಹೇಗೆ ಕಲಿಸಬೇಕೆಂದು ಕಲಿಸುತ್ತಿದ್ದೆ. ಅಂದರೆ ಶಾಲೆಯ ಮಕ್ಕಳ ಮುಖ ನೋಡದೆ ಶಾಲೆಯ ಬಗ್ಗೆ ಮಾತಾಡುವ ಕೆಲಸ. ಇಂಥ ಶಾಲೆಗಳಿಗಾಗಿ ವಿಡಿಯೋ ಪಾಠ ಮಾಡುವ ಯೋಜನೆ ನನ್ನದೇ. ನಾಲ್ಕು ಶಾಲೆಗಳಿಗೆ ಒಂದೊಂದು ಕ್ಯಾಸೆಟ್ ಹೋಗಿತ್ತು. ಉಳಿದ ಮೂರರಲ್ಲಿ ವಿಜ್ಞಾನದ ಮೇಷ್ಟ್ರುಗಳಿದ್ದರು. ನನ್ನ ಕ್ಯಾಸೆಟ್ಟನ್ನು ಅವರು ಬೀರುವಿನಲ್ಲಿ ಇಟ್ಟು ತಮ್ಮ ಪಾಡಿಗೆ ಪಾಠ ಮಾಡಿಕೊಂಡಿದ್ದರು. ಅವರ ಮಕ್ಕಳು ಪುಣ್ಯವಂತರು. ಈ ಶಾಲೆ ಮಾತ್ರ ನನ್ನನ್ನು ನಂಬಿತ್ತು.

ನಿಯಮ ಇಷ್ಟೇ. ಆಯಸ್ಕಾಂತದ ಎರಡು ಧ್ರುವಗಳ ನಡುವೆ ಒಂದು ತಂತಿ ತೂಗುಹಾಕಿ ಅದರಲ್ಲಿ ವಿದ್ಯುತ್ ಹರಿಸಿದರೆ ತಂತಿ ಒಂದು ಕಡೆಗೆ ಜಿಗಿಯುತ್ತದೆ. ಯಾವ ಕಡೆಗೆ ಎಂದು ಎಡಗೈ ಹೇಳುತ್ತದೆ. ತೋರುಬೆರಳು ಕಾಂತಕ್ಷೇತ್ರದ ದಿಕ್ಕಿಗೆ, ನಡುಬೆರಳು ವಿದ್ಯುತ್ತಿನ ದಿಕ್ಕಿಗೆ ಹಿಡಿದರೆ, ಹೆಬ್ಬೆರಳು ತೋರಿಸಿದ ಕಡೆಗೆ ತಂತಿ ಹೋಗುತ್ತದೆ. ಬಲಗೈಯಲ್ಲಿ ಇದನ್ನೇ ಮಾಡಿದರೆ ಉತ್ತರ ಸರಿಯಾಗಿ ವಿರುದ್ಧ ದಿಕ್ಕಿಗೆ ಬರುತ್ತದೆ. ಸ್ವಲ್ಪ ತಪ್ಪು ಎಂಬುದು ಇದರಲ್ಲಿ ಇಲ್ಲ.

ಇದನ್ನು ಬಾಯಿಯಿಂದ ಕಲಿಸಬಾರದು, ಕೈಗೇ ಕಲಿಸಬೇಕು ಎಂಬುದು ನನ್ನ ಸಿದ್ಧಾಂತ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವ ಮಕ್ಕಳಿಗೆ 'ಕಾಂತಕ್ಷೇತ್ರ' ಎಂದರೆ ಕಬ್ಬಿಣದ ಕಡಲೆ. ಹಾಗಾಗಿ ಕ್ಯಾಸೆಟ್ಟಿನಲ್ಲಿ ಈ ನಿಯಮದ ಆರು ನಿಮಿಷ ಮಾತೇ ಇಲ್ಲ. ನಾನು ಕೈ ಎತ್ತುತ್ತೇನೆ, ಬೆರಳು ಬಿಡಿಸುತ್ತೇನೆ, ತಂತಿ ಜಿಗಿಯುತ್ತದೆ. ಮಕ್ಕಳು ನೋಡಿ ಹಾಗೆಯೇ ಮಾಡಬೇಕು, ದಿನಕ್ಕೆ ಹತ್ತು ಸಲ. 'ಕೈ ಕಲಿತದ್ದನ್ನು ಕೈ ಮರೆಯುವುದಿಲ್ಲ' ಎಂದು ಕ್ಯಾಸೆಟ್ ಜೊತೆಗಿನ ಸೂಚನೆಯಲ್ಲಿ ಅಡಿಗೆರೆ ಹಾಕಿ ಬರೆದಿದ್ದೆ. ಆ ಅಡಿಗೆರೆ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಕ್ಯಾಮೆರಾಕ್ಕೆ ಮುಖ ಮಾಡಿ ನಿಂತಿದ್ದೆ. ಇನ್ನು ಹೇಗೆ ನಿಲ್ಲುವುದು? ತರಗತಿಗೆ ಬೆನ್ನು ಹಾಕಬಾರದು ಎಂಬುದು ಬಿ.ಎಡ್.ನ ಮೊದಲ ಪಾಠ. ಬೋರ್ಡಿನ ಮೇಲೆ ಬರೆಯುವಾಗ ಬೆನ್ನು ತೋರಿಸಿದ ವಿದ್ಯಾರ್ಥಿ-ಶಿಕ್ಷಕರಿಗೆ ನಾನೇ ಅಂಕ ಕಡಿಯುತ್ತಿದ್ದೆ. ಎದುರು ನಿಂತ ನನ್ನ ಎಡಗೈ ಟಿವಿಯ ಗಾಜಿನಲ್ಲಿ ನೋಡುವವರ ಬಲಕ್ಕೆ ಬಂತು. ಮಕ್ಕಳು ಅದಕ್ಕೆ ಸರಿಯಾಗಿ ಬಲಗೈ ಎತ್ತಿದರು. ಕನ್ನಡಿಯ ಮುಂದೆ ನಿಂತಂತೆ.

"ಪುಸ್ತಕದಲ್ಲಿ ಎಡಗೈ ಅಂತ ಉಂಟಲ್ಲ?" ಎಂದು ನಾನು ಕೇಳಿದೆ.

ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತು ನನಗೇ ಸಮಾಧಾನ ಹೇಳುವಂತೆ ಅಂದಳು: "ಅದು ಸಾರ್, ನಿಮ್ಮ ಎಡಗೈ. ಎದುರು ನಿಂತವರ ಎಡ ನಮಗೆ ಬಲ ಅಲ್ವಾ?"

ತರ್ಕದಲ್ಲಿ ಲೋಪವಿರಲಿಲ್ಲ. ನಾನು ಹೆಡ್‌ಮಿಸ್ಟ್ರೆಸ್ ಮುಖ ನೋಡಿದೆ.

"ನನ್ನನ್ನು ನೋಡಿ ಎಂತ ಮಾಡ್ತೀರಿ? ನಾನು ಕನ್ನಡ ಟೀಚರ್. ಹಳಗನ್ನಡ ಬೇಕಾದರೆ ಕೇಳಿ," ಎಂದವರು, ಆಮೇಲೆ ತಟ್ಟನೆ ಕಿಟಕಿಯ ಪಕ್ಕದ ಬೆಂಚಿನ ಕಡೆ ತಿರುಗಿದರು. ಅಲ್ಲಿ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದ ಒಬ್ಬ ಸಣ್ಣ ಹುಡುಗಿ ಕೂತಿದ್ದಳು. "ಸಾರ್, ಅವಳೊಬ್ಬಳು ಮೊದಲ ದಿನ ಎಡಗೈ ಎತ್ತಿದ್ದಳು. ಪುಸ್ತಕ ಓದಿಕೊಂಡು ಬಂದಿದ್ದಳು ಅಂತ ಕಾಣ್ತದೆ. ನಾನೇ ಬೈದದ್ದು. ದೊಡ್ಡವರ ಎದುರು ಎಡಗೈ ಎತ್ತುತ್ತೀಯಾ, ಟಿವಿಯಲ್ಲಿ ಸಾರ್ ಹೇಗೆ ಮಾಡ್ತಾರೆ ನೋಡಿ ಮಾಡು ಅಂತ."

ಹುಡುಗಿ ತಲೆ ತಗ್ಗಿಸಿದಳು. ಸರಿಯಾದ ಉತ್ತರವನ್ನು ನಮ್ಮಿಬ್ಬರಿಂದ ಬಚ್ಚಿಟ್ಟುಕೊಂಡಿದ್ದೇ ತನ್ನ ತಪ್ಪು ಎಂಬ ಹಾಗೆ.

ಆ ಮಧ್ಯಾಹ್ನವೇ ತಿದ್ದಲು ಹೊರಟೆ. "ಎಲ್ಲರೂ ಎಡಗೈ ಎತ್ತಿ" ಎಂದರೆ ಎತ್ತಿದರು. ಅಷ್ಟೇ ಆಗಿದ್ದರೆ ಈ ಬರಹವೇ ಬೇಕಿರಲಿಲ್ಲ. ಬೋರ್ಡಿನ ಮೇಲೆ ಧ್ರುವಗಳ ಚಿತ್ರ ಬರೆದು, ಬಾಣದ ಗುರುತು ಹಾಕಿ, "ತಂತಿ ಯಾವ ಕಡೆ ಹೋಗುತ್ತದೆ?" ಎಂದು ಕೇಳಿದ ಕೂಡಲೇ, ಯೋಚನೆಗೆ ಮೊದಲೇ, ಸರಸರನೆ ಬಲಗೈಗಳು ಮೇಲಕ್ಕೆ ಬಂದವು. ಕ್ಯಾಸೆಟ್ ಬಂದಂದಿನಿಂದ ಮೂರು ವಾರ, ದಿನಕ್ಕೆ ಹತ್ತು ಸಲ ಕಲಿತ ಕೈಗಳು. ಮಾತಿನಿಂದ ತಿದ್ದಿದ್ದು ಮಾತು ಇರುವವರೆಗೆ, ಲೆಕ್ಕ ಎದುರು ಬಂದರೆ ಕೈ ತನ್ನಷ್ಟಕ್ಕೇ ಹೊರಡುತ್ತಿತ್ತು. ನನ್ನ ಸಿದ್ಧಾಂತ ಅಕ್ಷರಶಃ ನಿಜವಾಗಿತ್ತು. ಇಡೀ ಜೀವನದಲ್ಲಿ ನಾನು ಸಾಧಿಸಿ ತೋರಿಸಿದ ಒಂದೇ ಸಿದ್ಧಾಂತ ಅದು.

ಮರುದಿನ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಒಳ್ಳೆಯವರೇ. ಆದರೆ ನಾಲ್ಕು ಶಾಲೆಗೆ ಹೋದ ಕ್ಯಾಸೆಟ್ಟನ್ನು ಮುಂದಿನ ವರ್ಷ ನಲವತ್ತಕ್ಕೆ ಕಳಿಸುತ್ತೇವೆಂದು ಮೇಲಿನವರಿಗೆ ಬರೆದು ಆಗಿತ್ತು.

"ಒಂದು ತಿದ್ದುಪಡಿ ಚೀಟಿ ಸೈಕ್ಲೋಸ್ಟೈಲ್ ಮಾಡಿ ಕಳಿಸಿ. 'ಚಿತ್ರದಲ್ಲಿ ಕಾಣುವುದು ಶಿಕ್ಷಕರ ಎಡಗೈ ಎಂದು ತಿಳಿಯತಕ್ಕದ್ದು.' ಮುಗಿಯಿತು."

"ಚೀಟಿ ಓದುವುದು ಕಣ್ಣು ಸಾರ್, ತಪ್ಪಿದ್ದು ಕೈ."

"ನಿಮ್ಮ ಕವಿತೆ ಆಮೇಲೆ. ಇಡೀ ಕ್ಯಾಸೆಟ್ಟೇ ತಪ್ಪು ಅಂತ ನೀವಾಗಿ ಬರೆದುಕೊಟ್ಟರೆ ಯೋಜನೆ ಉಳಿಯುವುದಿಲ್ಲ. ಗೊತ್ತುಂಟಲ್ಲ?"

ಗೊತ್ತಿತ್ತು. ನಾನು ಚೀಟಿಗೆ ಒಪ್ಪಿಕೊಂಡೆ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸ್ಟೆನ್ಸಿಲ್ ಕೊರೆಸಿ, ನಲವತ್ತೊಂದು ಚೀಟಿ ತೆಗೆದು, ಕಾಪುವಿನ ಮನೆಯಿಂದ ಬೆಳಗಿನ ಬಸ್ಸು ಹಿಡಿದು, ಉಡುಪಿಯಲ್ಲಿ ಇಳಿದು ಕಾರ್ಕಳದ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಆ ಶಾಲೆಗೆ ಹೋಗಿ ಹಂಚಿದೆ. ಹುಡುಗಿಯರು ಓದಿದರು, ತಲೆಯಾಡಿಸಿದರು, ಚೀಟಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟರು. ಬೋರ್ಡಿನ ಮೇಲೆ ಲೆಕ್ಕ ಹಾಕಿದೆ. ಬಲಗೈಗಳು ಮೇಲೆದ್ದವು. ಕಿಟಕಿಯ ಪಕ್ಕದವಳು ಮಾತ್ರ ಯಾವುದನ್ನೂ ಎತ್ತಲಿಲ್ಲ. ಎರಡೂ ಕೈಗಳನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡಿದ್ದಳು.

"ನಿನಗೆ ಗೊತ್ತಿತ್ತಲ್ಲ ಮಗಾ?" ಎಂದೆ.

"ಗೊತ್ತಿತ್ತು ಸಾರ್," ಎಂದಳು. "ಈಗ ಗೊತ್ತಿಲ್ಲ."

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಮೇಷ್ಟ್ರು ಹಾಗೆ ಕುಸಿದು ಕೂತರೆ ತರಗತಿ ಸಪ್ಪಗಾಗುತ್ತದೆ. ಆದರೆ ಅಂದು ಹಿಂದಿನ ಬೆಂಚಿನ ಆ ಬಾಯಿಬಡುಕಿ ಹುಡುಗಿ, ನನ್ನ ಅವಸ್ಥೆ ನೋಡಲಾರದೆ ಇರಬೇಕು, ಕೂತಲ್ಲಿಂದಲೇ ಅಂದಳು: "ಸಾರ್, ನೀವು ಬೀಡಿ ಕಟ್ಟಲಿಕ್ಕೆ ಕಲಿಸಿದರೆ ನಾವು ಹಸಿವಿನಿಂದಲೇ ಸಾಯಬೇಕು."

ತರಗತಿ ನಕ್ಕಿತು. ಅಲ್ಲಿ ಮುಕ್ಕಾಲು ಪಾಲು ಹುಡುಗಿಯರು ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವವರು.

"ಯಾಕೆ ಮಾರಾಯ್ತಿ?"

"ಎದುರು ಕೂತು ಯಾರೂ ಬೀಡಿ ಕಲಿಸುವುದಿಲ್ಲ ಸಾರ್. ಎದುರು ಕೂತು ಕಲಿತರೆ ಸುತ್ತು ಉಲ್ಟಾ ಬರ್ತದೆ. ಬೀಡಿ ಕೊಡುವ ಬ್ರಾಂಚಿನಲ್ಲಿ ಹಿಂದಕ್ಕೆ ಎಸೆಯುತ್ತಾರೆ. ನನ್ನ ಅಮ್ಮ ನನ್ನ ಹಿಂದೆ ಕೂತು, ನನ್ನ ಕೈ ಮೇಲೆ ಅವರ ಕೈ ಇಟ್ಟು ಕಲಿಸಿದ್ದು. ಒಂದು ವಾರದಲ್ಲಿ ಬಂತು."

"ಉಲ್ಟಾ ಕಲಿತವರು ಇದ್ದಾರಾ?"

"ಚಿಕ್ಕಮ್ಮ ಇದ್ದಾರೆ. ಅವರಿಗೂ ಅಮ್ಮ ಹಾಗೇ ಹಿಂದೆ ಕೂತು ಪುನಃ ಕಲಿಸಿದ್ದು."

ಹದಿನೆಂಟು ವರ್ಷ ಬೋಧನಾ ವಿಧಾನ ಕಲಿಸಿದವನು ನಾನು. ಹಿಂದಕ್ಕೆ ಹೋಗುವ ಬಸ್ಸಿನಲ್ಲಿ ಆ ಹುಡುಗಿಯ ಅಮ್ಮನಿಗೆ ಮನಸ್ಸಿನಲ್ಲೇ ನನ್ನ ಕುರ್ಚಿ ಬಿಟ್ಟುಕೊಟ್ಟೆ. ಹಿರಿಯಡಕ ದಾಟುವಾಗ ತೀರ್ಮಾನ ಮಾಡಿದೆ: ಆ ಆರು ನಿಮಿಷ ಅಳಿಸಬೇಕು, ಬೆನ್ನು ಹಾಕಿಯೇ ಹೊಸದಾಗಿ ತೆಗೆಯಬೇಕು. ಕಾಲೇಜಿಗೆ ಹೋಗಿ, ನಾಲ್ಕೂ ಶಾಲೆಗಳಿಗೆ 'ಈ ಪಾಠ ತಪ್ಪು, ತಪ್ಪು ನನ್ನದು, ತೋರಿಸಬೇಡಿ' ಎಂದು ಕೈಯಲ್ಲೇ ಬರೆದು ಸಹಿ ಹಾಕಿ, ಪ್ರಿನ್ಸಿಪಾಲರಿಗೆ ಪ್ರತಿ ಕೊಟ್ಟೆ. ಅವರು ಎರಡು ಸಲ ಓದಿದರು.

"ಬೆನ್ನು ಹಾಕಿ ಪಾಠವಾ? ಅದೂ ನೀವು?" ಎಂದಷ್ಟೇ ಕೇಳಿದರು. ಪತ್ರವನ್ನು ಫೈಲಿಗೆ ಹಾಕಿದರು. ಯೋಜನೆಯೂ ಅದರ ಜೊತೆಗೇ ಫೈಲಿಗೆ ಹೋಯಿತು.

ಕಟಪಾಡಿಯಲ್ಲಿ ಮದುವೆ ವಿಡಿಯೋ ಮಾಡುವ ಒಬ್ಬರಿದ್ದರು. ಗಲ್ಫ್‌ನಿಂದ ಬರುವಾಗ ವಿ.ಎಚ್.ಎಸ್. ಕ್ಯಾಮೆರಾ ತಂದ ಕೊಂಕಣಿ ಕ್ರಿಶ್ಚಿಯನರು. ಜನವರಿಯಲ್ಲಿ ನಮ್ಮ ಪಾಠ ತೆಗೆದದ್ದೂ ಅವರೇ. ಆಗ ಅವರಿಗೆ ಮದುವೆ ಸೀಸನ್ನು, ಸಂಜೆ ಎಲ್ಲೋ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ ಇತ್ತು, ಒಂದೇ ಸಲಕ್ಕೆ ತೆಗೆದು ಓಡಿದ್ದರು. ಈಗ ತಪಸ್ಸು ಕಾಲ. ಈಸ್ಟರ್ ತನಕ ಅವರಲ್ಲಿ ಮದುವೆ ಇಲ್ಲ. ಕ್ಯಾಮೆರಾಕ್ಕೆ ಬಟ್ಟೆ ಮುಚ್ಚಿ ಅಂಗಡಿಯಲ್ಲಿ ಸುಮ್ಮನೆ ಕೂತಿದ್ದರು.

"ಬನ್ನಿ ಸಾರ್. ನೀವಾದರೂ ಬಂದಿರಲ್ಲ. ಈ ಸಲ ಯಾರ ಮದುವೆ?"

"ನನ್ನ ತಿಥಿ," ಎಂದೆ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಇಡೀ ದಿನ ಹೋಯಿತು. ಕ್ಯಾಮೆರಾ ನನ್ನ ಬೆನ್ನ ಹಿಂದೆ, ನನ್ನ ಕಣ್ಣು ಕಂಡದ್ದೇ ಅದಕ್ಕೂ ಕಾಣಬೇಕು. ಹೇಳಲು ಸುಲಭ. ಮೊದಲ ಸಲ ತೆಗೆದದ್ದನ್ನು ಟಿವಿಗೆ ಹಾಕಿ ನೋಡಿದರೆ ಆಯಸ್ಕಾಂತ ಇಲ್ಲ, ತಂತಿ ಇಲ್ಲ. ಹ್ಯಾಲೊಜೆನ್ ದೀಪದ ಬೆಳಕಿನಲ್ಲಿ ನನ್ನ ಬೋಳುತಲೆ ಹುಣ್ಣಿಮೆಯಂತೆ ಮೂಡಿತ್ತು.

"ಸಾಯ್ಬಾ ದೇವಾ, ಮಕ್ಕಳು ಇದನ್ನೇ ಕಾಂತಕ್ಷೇತ್ರ ಅಂತ ಬರೆದಾರು," ಎಂದರು ಅವರು.

ನಾನು ತಗ್ಗಿನ ಸ್ಟೂಲಿನ ಮೇಲೆ ಕೂತೆ. ಅವರು ಹಿಂದಿನ ಮೇಜಿನ ಮೇಲೆ ಮಂಡಿಯೂರಿ, ಹೊಲಿಗೆ ಮೆಷಿನ್ನಿನಷ್ಟು ಭಾರದ ಕ್ಯಾಮೆರಾವನ್ನು ನನ್ನ ಎಡ ಹೆಗಲಿನ ಮೇಲಿಂದ ಕೆಳಕ್ಕೆ ಹಿಡಿದರು. ಈಗ ತಲೆ ಹೋಯಿತು, ಆದರೆ ಮೊಣಕೈ ಅಡ್ಡ ಬಂದು ನಡುಬೆರಳು ಮರೆಯಾಯಿತು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೆ. ಒಂದೇ ದೀಪ ಇದ್ದುದರಿಂದ ಕೈಯ ನೆರಳು ತಂತಿಯ ಮೇಲೆ ಬಿತ್ತು. ಎದುರಿಗೆ ಬಿಳಿ ಪಂಚೆ ಕಟ್ಟಿ ಬೆಳಕು ತಿರುಗಿಸಿದೆವು. ಎಲ್ಲ ಸರಿಯಾಯಿತು ಎನ್ನುವಾಗ ತಂತಿ ಜಿಗಿಯಲಿಲ್ಲ. ಬೆಳಗಿನಿಂದ ಜಿಗಿಸಿ ಜಿಗಿಸಿ ಬ್ಯಾಟರಿ ಸತ್ತಿತ್ತು. ಅವರು ತಮ್ಮ ಕಾರಿನ ಬ್ಯಾಟರಿ ಬಿಚ್ಚಿ ತಂದರು. ತಂತಿ ಹೆದರಿದ ಹಾಗೆ ಹಾರಿತು.

ಈ ಸಲ ನಾನು ಮಾತಾಡಿದೆ. "ಇದು ನನ್ನ ಎಡಗೈ. ನೀವು ಎತ್ತಬೇಕಾದದ್ದೂ ಎಡಗೈ. ಊಟ ಮಾಡದ ಕೈ. ದೊಡ್ಡವರ ಎದುರು ಇದನ್ನು ಎತ್ತಿದರೆ ಇಲ್ಲಿ ತಪ್ಪಿಲ್ಲ." ಸಿದ್ಧಾಂತ ಹಾಳಾಗಿ ಹೋಗಲಿ ಎಂದುಕೊಂಡೆ.

ಹೊಸ ತುಣುಕನ್ನು ಹಳೆಯ ಕ್ಯಾಸೆಟ್ಟಿನ ನಡುವೆ ಸೇರಿಸುವುದಕ್ಕೆ ಎರಡು ವಿಸಿಆರ್ ಜೋಡಿಸಿ, ಒಂದರಿಂದ ಇನ್ನೊಂದಕ್ಕೆ ಸರಿಯಾದ ಕ್ಷಣದಲ್ಲಿ ಗುಂಡಿ ಒತ್ತಬೇಕಿತ್ತು. ಒತ್ತಿದೆವು. ಸೇರಿಸಿದ ಜಾಗದಲ್ಲಿ ಚಿತ್ರ ಮೂರು ಸಲ ಪಲ್ಟಿ ಹೊಡೆದು ನಿಂತಿತು. ಅದು ಸಹಿಸಬಹುದು. ಹೊಸದು ಹಳೆಯದಕ್ಕಿಂತ ಅರ್ಧ ನಿಮಿಷ ಉದ್ದವಾಗಿ, ಮುಂದಿನ ಪಾಠದ ತಲೆ ಹಾರಿಹೋಯಿತು. ಇವತ್ತಿಗೂ ಆ ಕ್ಯಾಸೆಟ್ಟಿನಲ್ಲಿ ಕಬ್ಬಿಣ ತುಕ್ಕು ಹಿಡಿಯುವ ಪಾಠ "ಆದ್ದರಿಂದ" ಎಂದು ಶುರುವಾಗುತ್ತದೆ.

ಪರೀಕ್ಷೆಗೆ ಹನ್ನೊಂದು ದಿನ ಇರುವಾಗ ಶಾಲೆಗೆ ಮುಟ್ಟಿಸಿದೆ. ಮೊದಲ ದಿನ ಹಾಕಿದಾಗ, ಟಿವಿಯೊಳಗೆ ನನ್ನ ಕೈ ಅವರ ಕೈಯ ಮುಂದುವರಿಕೆಯ ಹಾಗೆ ಕಂಡಿತು. ನಲವತ್ತೊಂದು ಎಡಗೈಗಳು ಅಂಜುತ್ತ ಅಂಜುತ್ತ ಮೇಲೆ ಬಂದವು. ಹೆಡ್‌ಮಿಸ್ಟ್ರೆಸ್ ಕಣ್ಣು ಒರೆಸಿಕೊಂಡರು. ಎರಡನೆಯ ದಿನ ಕರೆಂಟು ಹೋಯಿತು. ಮೂರನೆಯ ದಿನವೂ ಇಲ್ಲ. ಎಲ್ಲೋ ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯಂತೆ, ಪರೀಕ್ಷೆ ಕಳೆದ ಮೇಲೆ ಬರಬಹುದು ಎಂದು ಲೈನ್‌ಮ್ಯಾನ್ ನಗುತ್ತ ಹೇಳಿದ.

ಹಾಗಾದರೆ ಟಿವಿ ನಾನೇ ಆಗಬೇಕಿತ್ತು. ಕಾಲೇಜಿಗೆ ರಜೆ ಬರೆದು, ದಿನಾ ಮೂರು ಬಸ್ಸು ಹಿಡಿದು ಹೋಗಿ, ಜೀವನದಲ್ಲಿ ಮೊದಲ ಸಲ ತರಗತಿಗೆ ಬೆನ್ನು ಹಾಕಿ ನಿಂತೆ. ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಕುತ್ತಿಗೆಯ ಹಿಂಭಾಗ ತಣ್ಣಗಾಗುತ್ತದೆ. ಹುಡುಗಿಯರನ್ನು ಜೋಡಿ ಮಾಡಿ, ಸರಿ ಬಂದವಳು ಬಾರದವಳ ಹಿಂದೆ ನಿಂತು ಕೈ ಹಿಡಿಯುವಂತೆ ಮಾಡಿದೆವು, ಬೀಡಿಯ ಕ್ರಮದಲ್ಲೇ. ಬಾಯಿಬಡುಕಿ ಹುಡುಗಿ ಮೇಸ್ತ್ರಿಯಾದಳು. "ಕೈ ಸಡಿಲ ಬಿಡೇ, ಮರದ ಕೊರಡಾ ನೀನು?" ಎಂದು ಎಲ್ಲರನ್ನೂ ಗದರುತ್ತ ಓಡಾಡಿದಳು. ಒಂದೊಂದೇ ಕೈ ತಿರುಗಿತು. ಕೊನೆಯ ದಿನ ಬೋರ್ಡಿನ ಮೇಲೆ ಲೆಕ್ಕ ಹಾಕಿ, ಥಟ್ಟನೆ ತಿರುಗಿ ಎಣಿಸಿದೆ. ನಲವತ್ತು ಎಡಗೈ.

ಕಿಟಕಿಯ ಪಕ್ಕದವಳು ಒಮ್ಮೆ ಎಡ ಎತ್ತುತ್ತಿದ್ದಳು, ಒಮ್ಮೆ ಬಲ. ಉಳಿದವರದ್ದು ಒಂದು ಸಲ ತಪ್ಪಿದ ಕೈ. ಅವಳದ್ದು ಸರಿಯಿದ್ದದ್ದನ್ನು ನಾವು ತಪ್ಪಿಸಿ, ಪುನಃ ತಿರುಗಿಸಿದ ಕೈ. ಹೆಡ್‌ಮಿಸ್ಟ್ರೆಸ್ ಅವಳ ಹಿಂದೆ ನಿಂತು, ಅವಳ ಎಡಗೈ ಹಿಡಿದು, "ಇದೇ ಮಗಾ, ಇದೇ. ನಾನು ಅವತ್ತು ಹೇಳಿದ್ದು ತಪ್ಪು," ಎಂದು ಎಷ್ಟು ಸಲ ಹೇಳಿದರೋ. ಅವಳು "ಹೌದು ಟೀಚರ್" ಎನ್ನುತ್ತಿದ್ದಳು. ಆದರೆ ಯಾವ ಟೀಚರ್ ಹೇಳಿದ್ದನ್ನು ನಂಬಬೇಕು ಎಂಬ ಪ್ರಶ್ನೆ ಅವಳ ಮುಖದಲ್ಲಿ ಹಾಗೇ ಇತ್ತು.

ವಿಜ್ಞಾನದ ಪರೀಕ್ಷೆಯ ದಿನ ನನಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ಕಾರ್ಕಳದ ಪರೀಕ್ಷಾ ಕೇಂದ್ರದ ಎದುರು, ರಸ್ತೆಯ ಈಚೆಯ ಚಹಾದ ಹೋಟೆಲಿನ ಮುಂದೆ ಹೋಗಿ ನಿಂತೆ. ಕಾಂಪೌಂಡು ಗಿಡ್ಡ. ಆಚೆ ಒಂದು ಕೋಣೆಯ ಕಿಟಕಿಗಳು ತೆರೆದಿದ್ದವು, ಒಂದು ಸಾಲಿನಲ್ಲಿ ನಮ್ಮ ಆರು ಹುಡುಗಿಯರು ಕಾಣುತ್ತಿದ್ದರು. ಕೊನೆಯವಳು ಕಿಟಕಿಯ ಪಕ್ಕದ ಬೆಂಚಿನ ಆ ಹುಡುಗಿಯೇ.

ಒಂದು ಗಂಟೆ ಯಾರೂ ತಲೆ ಎತ್ತಲಿಲ್ಲ. ಮೂರನೆಯ ಚಹಾ ಕುಡಿಯುತ್ತಿರುವಾಗ ಮೊದಲನೆಯವಳ ಎಡಗೈ ನಿಧಾನವಾಗಿ ಮೇಲೆ ಬಂತು. ಮೂರು ಬೆರಳು ಬಿಡಿಸಿತು, ತಿರುಗಿತು, ಕೆಳಗಿಳಿಯಿತು. ಪ್ರಶ್ನೆ ಬಂದಿತ್ತು! ಎಡಗೈ ಎತ್ತುವವರಿಗೆ ಪೆನ್ನು ಬಿಡಬೇಕಾಗಿಲ್ಲ. ಬಲಗೈಯಲ್ಲಿ ಪೆನ್ನು ಹಾಗೇ ಇರುತ್ತದೆ, ಎಡಗೈ ಹೇಳುತ್ತದೆ, ಬಲಗೈ ಬರೆಯುತ್ತದೆ. ಎರಡನೆಯವಳು. ಮೂರನೆಯವಳು. ನಾಲ್ಕು. ಐದು. ಯಾರೂ ಪೆನ್ನು ಕೆಳಗಿಡಲಿಲ್ಲ.

ಆಮೇಲೆ ಆರನೆಯವಳು ಪ್ರಶ್ನೆಪತ್ರಿಕೆಯ ಮೇಲೆ ಬಗ್ಗಿದಳು. ಸ್ವಲ್ಪ ಹೊತ್ತು ಹಾಗೇ ಇದ್ದಳು. ಪೆನ್ನು ಕೆಳಗಿಟ್ಟಳು.

ಬಲಗೈ ಎತ್ತಿದಳು. ಬೆರಳು ಬಿಡಿಸಿದಳು. ಅದನ್ನೇ ನೋಡುತ್ತ ಕೂತಳು, ಯಾರದೋ ಕೈಯನ್ನು ನೋಡುವ ಹಾಗೆ.

ನಾನು ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ನಾನು ರಸ್ತೆಯ ಅಂಚಿನಲ್ಲಿ, ಎಡಗೈಯನ್ನು ತಲೆಗಿಂತ ಮೇಲೆ ಎತ್ತಿ ನಿಂತಿದ್ದೆ. ಅವಳು ಇತ್ತ ನೋಡುತ್ತಿರಲಿಲ್ಲ. ನೋಡಿದ್ದರೆ ಅದು ಕಾಪಿ ಹೊಡೆಸಿದ ಹಾಗೆ ಎಂಬುದೂ ಆ ಗಳಿಗೆ ಹೊಳೆಯಲಿಲ್ಲ. ಹೊಳೆಯುವ ಮೊದಲೇ ದೊಡ್ಡ ಬ್ರೇಕಿನ ಸದ್ದು. ಕಾರ್ಕಳದಿಂದ ಉಡುಪಿಗೆ ಹೊರಟ ಬಸ್ಸು ನನ್ನ ಕೈ ನೋಡಿ ನನ್ನ ಮೂಗಿನ ಮುಂದೆಯೇ ಬಂದು ನಿಂತಿತು. ಕಿಟಕಿ, ಹುಡುಗಿ, ಕೈ, ಎಲ್ಲ ಅದರ ಹಿಂದೆ ಮರೆಯಾಯಿತು.

"ಹತ್ತಿ, ಹತ್ತಿ! ಹಿಂದೆ ಜಾಗ ಉಂಟು," ಎಂದ ಕಂಡಕ್ಟರ್.

ನಾನು ಬಗ್ಗಿ, ಬಸ್ಸಿನ ಕಿಟಕಿಗಳ ಮೂಲಕ ಆಚೆ ಇಣುಕಲು ನೋಡಿದೆ. ಒಳಗೆ ನಿಂತವರ ಸೊಂಟಗಳಷ್ಟೇ ಕಂಡವು. ಬಸ್ಸಿನ ಹಿಂದಕ್ಕೆ ಓಡಿದೆ. ಅಲ್ಲಿ ಒಂದು ಲಾರಿ ಬಂದು ಹಾರ್ನ್ ಹೊಡೆಯುತ್ತಿತ್ತು. ಪುನಃ ಮುಂದಕ್ಕೆ ಬಂದೆ.

"ಎಂತ ಮಾರಾಯ್ರೇ ನಿಮ್ಮದು? ಹತ್ತುವುದಾದರೆ ಹತ್ತಿ. ಇಲ್ಲದಿದ್ದರೆ ಆ ಕೈ ಕೆಳಗೆ ಹಾಕಿ!"

ಕೈ ಇನ್ನೂ ಮೇಲೆಯೇ ಇತ್ತು. ಕೆಳಗೆ ಹಾಕಿದೆ. ಬಸ್ಸು ಬೈದುಕೊಂಡು ಹೊರಟಿತು. ಧೂಳು ಇಳಿಯುವ ಹೊತ್ತಿಗೆ ಅವಳು ಬರೆದಾಗಿತ್ತು. ಹಾಳೆ ತಿರುಗಿಸಿ, ಮುಂದಿನ ಪ್ರಶ್ನೆಗೆ ತಲೆ ಬಗ್ಗಿಸಿದ್ದಳು.